ಬಿಳಗಿ ಅರಸರ ದೇವಿ ನಾಡಿನ ತಾಯಿಯಾದದ್ದು

ರಾಜ್ಯೋತ್ಸವದ ಪೋಸ್ಟರಿನಲ್ಲಿ ಕಾಣುವ ಭುವನೇಶ್ವರಿಗೂ ಸಿದ್ದಾಪುರದ ಹತ್ತಿರ ಭುವನಗಿರಿಯ ಗುಡ್ಡದ ಮೇಲೆ ಕೂತಿರುವ ಭುವನೇಶ್ವರಿಗೂ ಎರಡೂವರೆ ಶತಮಾನಕ್ಕೂ ಮಿಕ್ಕಿದ ಅಂತರವಿದೆ. ಇಬ್ಬರೂ ಒಬ್ಬಳೇ ಎಂದು ಈಗ ಎಲ್ಲರೂ ಸಲೀಸಾಗಿ ಒಪ್ಪಿಕೊಂಡಾಗಿದೆ. ಒಂದಾದದ್ದು ಹೇಗೆ ಎಂದು ಕೆದಕಲು ಹೋದರೆ ಮಾತ್ರ ಕಥೆ ಮಲೆನಾಡು ಬಿಟ್ಟು ಗದಗಿನ ಎರೆಹೊಲಕ್ಕೆ ಹೋಗಿ ನಿಲ್ಲುತ್ತದೆ.

ಗುಡ್ಡದ ಗುಡಿ ಬಿಳಗಿ ಅರಸರದ್ದು. ಬಾಗಲಕೋಟೆ ಕಡೆಯ ಬೀಳಗಿಯಲ್ಲ, ಇದು ಸಿದ್ದಾಪುರ ತಾಲೂಕಿನ ಬಿಳಗಿ. ಕೆಲಸ ಕದಂಬರ ಕಾಲಕ್ಕೇ ಶುರುವಾಗಿತ್ತು ಎನ್ನುವವರಿದ್ದಾರೆ. ನಮ್ಮ ಸೀಮೆಯಲ್ಲಿ ಯಾವುದು ಹಳೆಯದೋ ಅದೆಲ್ಲ ಕದಂಬರದ್ದೇ, ಬನವಾಸಿ ಹತ್ತಿರವಿದ್ದ ತಪ್ಪಿಗೆ. ಗುಡಿ ಪೂರ್ತಿಯಾದದ್ದು 1692ರಲ್ಲಿ, ಬಸವೇಂದ್ರನ ಆಳ್ವಿಕೆಯಲ್ಲಿ. ಅತ್ತ ಸೋದೆ, ಇತ್ತ ಕೆಳದಿ, ನಡುವೆ ಅಂಗೈಯಗಲದ ರಾಜ್ಯ. ಅಂಥವನು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೋಗಬೇಕಾದ ಗುಡ್ಡದ ನೆತ್ತಿಗೆ ಕಲ್ಲು ಸಾಗಿಸಿ, ಭುವನಕ್ಕೆಲ್ಲ ಒಡತಿಯಾದವಳನ್ನು ತನ್ನ ಮನೆದೇವಿಯಾಗಿ ಕೂರಿಸಿಕೊಂಡ. ಆ ಹಂಬಲ ನನಗೆ ಇಷ್ಟ. 1763ರಲ್ಲಿ ಹೈದರಾಲಿ ಕೆಳದಿಯವರ ಬಿದನೂರು ಹಿಡಿದ. ಅದೇ ಹೊಡೆತದಲ್ಲಿ ಸೋದೆಯೂ ಹೋಯಿತು, ಬಿಳಗಿಯೂ ಹೋಯಿತು. ದೇವಿ ಉಳಿದಳು.

ಆಮೇಲಿನ ಕಾಲದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. 1799ರ ನಂತರ ಮದ್ರಾಸಿನ ಕಂಪನಿ ಸರ್ಕಾರ, 1862ರಿಂದ ಮುಂಬಯಿ ಪ್ರಾಂತ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಜ್ಜಂದಿರು ಮುಲ್ಕಿ ಪರೀಕ್ಷೆ ಪಾಸಾದದ್ದು ಮುಂಬಯಿ ಲೆಕ್ಕದಲ್ಲೇ. ಅಮ್ಮನವರಿಗೆ ನವರಾತ್ರಿಯ ಪೂಜೆ ನಡೆಯುತ್ತಿತ್ತು, ಸೀಮೆಯವರು ಹಣ್ಣುಕಾಯಿ ಮಾಡಿಸಿ ಬರುತ್ತಿದ್ದರು. ಕರ್ನಾಟಕ ಎಂಬ ರಾಜ್ಯಕ್ಕೂ ಅವಳಿಗೂ ನಂಟು ಹಚ್ಚುವ ಯೋಚನೆ ಯಾರಿಗೂ ಬಂದಿದ್ದಂತಿಲ್ಲ.

ಅದು ಬಂದದ್ದು ಬಯಲುಸೀಮೆಯಲ್ಲಿ. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಅಚ್ಚಾಯಿತು. ಧಾರವಾಡದ ಸುತ್ತ ನಾಡನ್ನು ತಾಯಿ ಎಂದು ಕರೆಯುವುದು ರೂಢಿಯಾಯಿತು. ತಾಯಿ ಎಂದ ಮೇಲೆ ಅವಳಿಗೊಂದು ಮುಖ ಬೇಡವೇ? 1953ರಲ್ಲಿ ಗದಗ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಸಿ.ಎನ್. ಪಾಟೀಲ ಎಂಬ ಕಲಾವಿದರಿಂದ ಭುವನೇಶ್ವರಿಯ ಚಿತ್ರ ಬರೆಸಿದರು. ಕನ್ನಡ ಸೀಮೆಗಳ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತದ್ದೂ, ಹುಬ್ಬಳ್ಳಿ ಹೊತ್ತಿಕೊಂಡದ್ದೂ ಅದೇ ವರ್ಷ. ರಾಜ್ಯ ಹುಟ್ಟಲು ಇನ್ನೂ ಮೂರು ವರ್ಷವಿತ್ತು, ತಾಯಿಯ ಪಟ ಮಾತ್ರ ಗೋಡೆಗೇರಿ ಆಗಿತ್ತು! 1956ರ ನವೆಂಬರ್ 1ಕ್ಕೆ ರಾಜ್ಯವೇನೋ ಬಂತು, ಹೆಸರು ಮಾತ್ರ ಮೈಸೂರು. ಮೈಸೂರು ಸೀಮೆಯಲ್ಲಿ ನಾಡದೇವಿ ಎಂದರೆ ಚಾಮುಂಡೇಶ್ವರಿ, ಇಂದಿಗೂ. ಕರ್ನಾಟಕ ಎಂಬ ಹೆಸರಿಗೆ 1973ರ ತನಕ, ದೇವರಾಜ ಅರಸರ ತನಕ, ಕಾಯಬೇಕಾಯಿತು.

ಶಿರಸಿ ಸೀಮೆಯ ವಾನಳ್ಳಿಯಂಥ ಊರಿಗೆ ರಾಜ್ಯೋತ್ಸವ ತಲುಪಿದ್ದು ಶಾಲೆಯ ಮೂಲಕ. ದೊಡ್ಡಬ್ಬದ, ಅಂದರೆ ದೀಪಾವಳಿಯ, ಆಸುಪಾಸು, ಅಡಿಕೆಯ ಕೊನೆಕೊಯ್ಲಿಗೆ ಅಂಗಳ ಸಜ್ಜಾಗುವ ಹೊತ್ತು. ಮಾ. ರಾಮಮೂರ್ತಿಯವರ ಹಳದಿ-ಕೆಂಪು ಬಾವುಟ ಹಿಡಿದು ಮಕ್ಕಳು ತೋಟದಂಚಿನ ರಸ್ತೆಯಲ್ಲಿ ಸಾಲು ಹೋಗಬೇಕು; ಮುಂದೆ ಉದ್ದ ಜಡೆಯ ಒಬ್ಬಳು ಭುವನೇಶ್ವರಿ. ಕಿರೀಟವೇನೋ ರಟ್ಟಿಗೆ ಬೇಗಡೆ ಹಚ್ಚಿದ್ದು. ಭುಜಕೀರ್ತಿ, ಡಾಬು ಮಾತ್ರ ಅಸಲಿ, ಯಕ್ಷಗಾನದ ವೇಷದ ಪೆಟ್ಟಿಗೆಯಿಂದ ಎರವಲು ಬಂದವು. ಅವು ದೊಡ್ಡವರ ಅಳತೆಯವಾದ್ದರಿಂದ ತಾಯಿ ಭುವನೇಶ್ವರಿ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಡಾಬು ಹಿಡಿದುಕೊಂಡೇ ನಡೆಯುತ್ತಿದ್ದಳು. ಹಾಗಾಗಿ ನಮ್ಮ ಕಡೆಯ ನಾಡದೇವಿ ಗದಗಿನ ಪಟಕ್ಕಿಂತ ದೇವೀಮಹಾತ್ಮೆಯ ವೇಷವನ್ನೇ ಹೆಚ್ಚು ಹೋಲುತ್ತಿದ್ದಳು. ‘ನವರಾತ್ರಿ ಮುಗದೋತು, ಈಗ ಎಂತಕ್ಕೆ ಮತ್ತೆ ದೇವಿ ಮೆರವಣಿಗೆ?’ ಎಂದು ಜಗುಲಿಯ ಮೇಲಿನ ಅಜ್ಜಿಯೊಬ್ಬರು ಕೇಳಿದ್ದುಂಟು. ಮಾಸ್ತರರು ಏಕೀಕರಣದ ಇತಿಹಾಸ ವಿವರಿಸಿದರು. ಅಜ್ಜಿ ಎಲ್ಲ ಕೇಳಿ, ಒಳಗಿಂದ ಆರತಿ ತಂದು ಬೆಳಗಿಬಿಟ್ಟರು.

ಗುಡ್ಡದ ದೇವಿಯೂ ಪಟದ ದೇವಿಯೂ ಒಬ್ಬಳಾದದ್ದು ಇಂಥ ಆರತಿಗಳಿಂದಲೇ ಎಂದು ನನ್ನ ಎಣಿಕೆ. ಮೊಹರು ಬಿದ್ದದ್ದು ತಡವಾಗಿ. ಕನ್ನಡ ಸಾಹಿತ್ಯ ಸಮ್ಮೇಳನದ ರಥ ಈಗ ಭುವನಗಿರಿಯಿಂದಲೇ ಹೊರಡುತ್ತದೆ. ಹಾವೇರಿ ಸಮ್ಮೇಳನಕ್ಕೆ 2022ರಲ್ಲಿ, ಮಂಡ್ಯದ್ದಕ್ಕೆ 2024ರಲ್ಲಿ ಹೊರಟಿತು. 2025ರ ಜನವರಿಯಲ್ಲಿ ವಿಧಾನಸೌಧದ ಆವರಣದಲ್ಲಿ 25 ಅಡಿಯ ಕಂಚಿನ ಭುವನೇಶ್ವರಿಯ ಅನಾವರಣವೂ ಆಯಿತು.

ಅದೇ ವರ್ಷ ಜಗಳವೂ ಬಂತು. ಲೇಖಕಿ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದದ್ದೇ ತಡ, ಅವರ 2023ರ ಭಾಷಣವೊಂದು ಮೇಲೆದ್ದಿತು: ಕನ್ನಡವನ್ನು ಅರಿಸಿನ-ಕುಂಕುಮದ ಭುವನೇಶ್ವರಿ ಮಾಡಿ ಕೂರಿಸಿದರೆ ತಾನೆಲ್ಲಿ ನಿಲ್ಲಲಿ ಎಂಬ ಪ್ರಶ್ನೆ. ಕೂಗಾಡಿದವರೇ ಹೆಚ್ಚು, ಉತ್ತರ ಕೊಟ್ಟವರು ಕಡಿಮೆ. ಪ್ರಶ್ನೆ ನ್ಯಾಯದ್ದೇ. ನಾಡಿಗೆ ಮುಖ ಬರೆದದ್ದು ಮೊನ್ನೆ ಮೊನ್ನೆ; ಬರೆದವರಿಗೆ ತಮ್ಮ ಮನೆಯ ದೇವರೇ ಕಂಡದ್ದು ಸಹಜ. 2004ರಲ್ಲಿ ನಾಡಗೀತೆಯಾದ ಕುವೆಂಪು ಕವಿತೆಯಲ್ಲೂ ತಾಯಿ ಇದ್ದಾಳೆ, ಭುವನೇಶ್ವರಿ ಎಂಬ ಹೆಸರಿಲ್ಲ.

ಬಿಳಗಿ ಅರಸರನ್ನು ಈ ಜಗಳದಲ್ಲಿ ಯಾರೂ ಸಾಕ್ಷಿಗೆ ಕರೆಯಲಿಲ್ಲ ಎಂಬುದು ನನ್ನ ಸಿಟ್ಟು. ಗುಡ್ಡದ ಮೇಲೆ ದೇವಿಗೆ ಗುಡಿ ಕಟ್ಟಿಸಿದ ಮನೆತನವೇ ಬಿಳಗಿಯಲ್ಲಿ ಜೈನರಿಗೆ ರತ್ನತ್ರಯ ಬಸದಿಯನ್ನೂ ಕಟ್ಟಿಸಿತ್ತು. ರಥಕ್ಕೆ ಚಾಲನೆ ಕೊಡಲು ಬರುವ ಕಾರುಗಳು ಅದೇ ತಾಲೂಕಿನ ಬಿಳಗಿಯ ಕಡೆಗೂ ಒಮ್ಮೆ ತಿರುಗಬಹುದು. ಬಸದಿಗೆ ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ.