ಸುದ್ದಿ ವಾಲ್‌ಮನ್‌ನಿಂದ ಶುರು

'ನಳಾ ಯಾವಾಗ ಬರ್ತಾವ್ರಿ?' ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರುವುದು ಎಂಜಿನಿಯರ್ ಸಾಹೇಬರಿಗಲ್ಲ, ಕಾರ್ಪೊರೇಟರಿಗೂ ಅಲ್ಲ, ವಾಲ್‌ಮನ್‌ಗೆ. ಮಲಪ್ರಭೆಯ ನೀರು ಯಾವ ಓಣಿಗೆ ಎಷ್ಟೊತ್ತಿಗೆ ಬಿತ್ತೆಂಬುದು ವಾಲ್ವ್ ತಿರುವಿದವನಿಗೇ ಮೊದಲು ತಿಳಿಯುತ್ತದೆ.

ಯಾವುದೇ ಕಾಮಗಾರಿಗೆ 'ಮಾಹಿತಿ ಹಂಚಿಕೆ ಯೋಜನೆ' ಬರೆಯುವವರು 'ಯಾರಿಗೆ ತಿಳಿಸಬೇಕು' ಎಂಬ ಪಟ್ಟಿಯಿಂದ ಶುರು ಮಾಡುತ್ತಾರೆ. ನನಗೆ ಅದು ಎರಡನೆಯ ಕಾಲಂ. ಸುದ್ದಿ ಹುಟ್ಟುವುದು ಯಾರ ಹತ್ತಿರ, ಅದನ್ನು ಹೇಳಿದರೆ ಅವರಿಗೆ ಸಿಗುವುದೇನು, ಬರುವ ತಾಪತ್ರಯವೇನು ಎಂಬುದೇ ಮೊದಲನೆಯದು.

ಇದರ ಪ್ರಯೋಗ ಇದೇ ಊರಲ್ಲಿ ನಡೆದಿದೆ. 2010ರ ಸುಮಾರಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ನಂಟಿನಿಂದ ಹುಟ್ಟಿದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಹುಬ್ಬಳ್ಳಿಯಲ್ಲಿ ಕೆಲಸ ಆರಂಭಿಸಿತು. ವಾಲ್‌ಮನ್ ವಾಲ್ವ್ ತೆರೆಯುವಾಗ ಫೋನ್ ಮಾಡಿ ತಿಳಿಸಬೇಕಿತ್ತು; ಆ ಭಾಗದ ಮನೆಗಳಿಗೆ ಎಸ್‌ಎಂಎಸ್ ಹೋಗುತ್ತಿತ್ತು. ನೀರು ನಿಜವಾಗಿ ಬಂತೇ ಎಂದು ನಿವಾಸಿಗಳನ್ನು ಕೇಳಿ ತಾಳೆ ನೋಡುವ ವ್ಯವಸ್ಥೆಯೂ ಇತ್ತು. ಈ ಕೊನೆಯ ಕೊಂಡಿಯೇ ಜಾಣತನದ್ದು: ಹೋದ ಸುದ್ದಿಗೆ ಮರುಸುದ್ದಿ ಬರದಿದ್ದರೆ ಅದು ಬರೀ ಡಂಗುರ.

ಮುಂದೆ ಅದೇ ಸೇವೆ ಬೆಂಗಳೂರಿಗೆ ಹೋಯಿತು. ಅಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನೀರಿಗಾಗಿ ಕಾಯುವ ಹೊತ್ತು ಅಂದುಕೊಂಡಷ್ಟು ತಗ್ಗಿರಲಿಲ್ಲ. ಸುದ್ದಿ ಎರಡು ಕಡೆ ಸಿಕ್ಕಿಬಿದ್ದಿತ್ತು. ವಾಲ್‌ಮನ್‌ಗಳೆಲ್ಲ ಒಂದೇ ಸಮನೆ ವರದಿ ಮಾಡುತ್ತಿರಲಿಲ್ಲ. ವರದಿ ಮಾಡಿದಾಗಲೂ ಕೆಲವು ಮನೆಗಳಲ್ಲಿ ಸಂದೇಶ ನೀರು ಹಿಡಿಯುವವರ ಕೈಗೆ ಮುಟ್ಟುತ್ತಿರಲಿಲ್ಲ. ಫೋನ್ ಯಜಮಾನನ ಜೇಬಿನಲ್ಲಿ, ಕೊಡ ಮನೆಯಾಕೆಯ ಕೈಯಲ್ಲಿ. ತಂತ್ರಾಂಶ ಎಷ್ಟೇ ಚೆನ್ನಾಗಿರಲಿ, ಈ ಎರಡು ಕಡೆಯ ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯದೆ ಕೆಲಸವಾಗದು.

ಈಗ ನಿಮ್ಮ ವಾರ್ಡಿನಲ್ಲಿ 24 ಗಂಟೆ ನೀರಿಗಾಗಿ ಪೈಪ್ ಹಾಕಲು ರಸ್ತೆ ಅಗೆಯುತ್ತಾರೆ ಎಂದುಕೊಳ್ಳಿ. ಮಹಾನಗರ ಪಾಲಿಕೆ, ಗುತ್ತಿಗೆದಾರರು, ವಿದ್ಯುತ್ ಕಂಪನಿ ಹೆಸ್ಕಾಂ, ಸಂಚಾರಿ ಪೊಲೀಸರು, ಅಂಗಡಿಯವರು, ಶಾಲೆ, ಮನೆಗಳು ಎಲ್ಲರಿಗೂ ಒಂದೇ ಸುತ್ತೋಲೆ ಕಳಿಸುವುದು ಸೋಮಾರಿತನ. ಅಂಗಡಿಯವನಿಗೆ ಬೇಕಾದದ್ದು ಗುಂಡಿ ಮುಚ್ಚುವ ದಿನ. ಹೆಸ್ಕಾಂಗೆ ಬೇಕಾದದ್ದು ಎಲ್ಲೆಲ್ಲಿ ಅಗೆಯುತ್ತಾರೆಂಬ ನಕ್ಷೆ, ಅದೂ ಜೆಸಿಬಿ ಬರುವ ಮುಂಚೆ, ಕೇಬಲ್ ಕತ್ತರಿಸಿದ ಮೇಲಲ್ಲ. ಮನೆಯವರು ಮೊದಲು ಕೇಳುವುದು ಮೀಟರ್ ಮತ್ತು ಬಿಲ್ಲಿನ ಮಾತು; ಅದಕ್ಕೆ ಕರಪತ್ರ ಸಾಲದು, ಓಣಿಯಲ್ಲಿ ಕೂತು ಮಾತಾಡಬೇಕು. ಕಾರ್ಪೊರೇಟರಿಗಂತೂ ಜನರಿಗಿಂತ ಒಂದು ದಿನ ಮುಂಚೆ ಗೊತ್ತಿರಬೇಕು. ಗೊತ್ತಿಲ್ಲದೆ ಬೈಸಿಕೊಂಡವರು ಯೋಜನೆಯ ಪರವಾಗಿ ಯಾಕೆ ನಿಲ್ಲುತ್ತಾರೆ?

ಹೀಗೆ ಬರೆದ ಹಾಳೆಯಲ್ಲಿ ಪ್ರತಿ ಸಾಲಿಗೂ ಒಬ್ಬ ವ್ಯಕ್ತಿ ಬೇಕು, ಇಲಾಖೆಯಲ್ಲ. 'ಪಾಲಿಕೆ ತಿಳಿಸುತ್ತದೆ' ಎಂದರೆ ಯಾರೂ ತಿಳಿಸುವುದಿಲ್ಲ. ಅವಳಿ ನಗರದ ನಡುವೆ ಚಿಗರಿ ಬಸ್ ಓಡಾಡುವ ಬಿಆರ್‌ಟಿಎಸ್ ರಸ್ತೆಯನ್ನೇ ನೋಡಿ: ಸುಮಾರು 22 ಕಿ.ಮೀ. ಉದ್ದದ ಒಂದೇ ದಾರಿಗೆ ಅದರದೇ ಕಂಪನಿ, ವಾಯವ್ಯ ಸಾರಿಗೆ ಸಂಸ್ಥೆ, ಪಾಲಿಕೆ, ಪೊಲೀಸ್ ಎಲ್ಲರ ಸಂಬಂಧ. ಇಂಥಲ್ಲಿ ಹೆಸರಿಲ್ಲದ ಹೊಣೆ ಒಬ್ಬರಿಂದೊಬ್ಬರಿಗೆ ಉರುಳುತ್ತಲೇ ಇರುತ್ತದೆ.

ಹಾಳೆಯಲ್ಲಿ ಸಾಮಾನ್ಯವಾಗಿ ಖಾಲಿ ಉಳಿಯುವ ಸಾಲು ಕೆಟ್ಟ ಸುದ್ದಿಯದು. ಪಂಪ್ ಕೆಟ್ಟಿದೆ, ಇವತ್ತು ನೀರಿಲ್ಲ ಎಂದು ಹೇಳುವ ಅಧಿಕಾರ ಯಾರಿಗೆ? ಮೇಲಿನವರ ಒಪ್ಪಿಗೆಗೆ ಕಾಯುತ್ತ ಕೂತರೆ ಸಂಜೆಯಾಗುತ್ತದೆ. ಸ್ಥಳದ ಎಂಜಿನಿಯರಿಗೆ ನೇರವಾಗಿ ಹೇಳಲು ಮೊದಲೇ ಲಿಖಿತ ಅನುಮತಿ ಕೊಟ್ಟಿರಬೇಕು. ಆ ಸಂದೇಶದಲ್ಲಿ ಯಾವ ಓಣಿ, ಏನಾಗಿದೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ ಎಂಬುದಿದ್ದರೆ ಸಾಕು. ದುರಸ್ತಿ ಮುಗಿಯದಿದ್ದರೂ ಆ ಗಂಟೆಗೆ ಮುಂದಿನ ಸುದ್ದಿ ಹೋಗಲೇಬೇಕು.