ನಾಮಿನಿಯೂ ವಾರಸುದಾರನೂ

ಇಂಗ್ಲಿಷಿನ ಕೆಲವು ನಾಮಪದಗಳು ಕಿವಿಗೆ ಒಂದೇ ಆಗಿ ಕೇಳಿಸಿದರೂ ಅರ್ಥದಲ್ಲಿ ಬೇರೆಯಾಗಿರುವುದುಂಟು. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಪ್ರಿನ್ಸಿಪಲ್ ಎಂಬುದೊಂದು ವಿದ್ಯಾರ್ಥಿಗಳನ್ನು ಬಹಳವಾಗಿ ಕಾಡುತ್ತಿದ್ದಿತು. ಕೊನೆಯಲ್ಲಿ ಎ, ಎಲ್ ಅಕ್ಷರಗಳು ಬಂದರೆ ಕಾಲೇಜಿನ ಮುಖ್ಯಾಧಿಕಾರಿ, ಇಲ್ಲವೆ ಸಾಲದ ಅಸಲು. ಎಲ್, ಇ ಬಂದರೆ ತತ್ತ್ವ. ನುಡಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ರೂಪ. ಅಮರಕೋಶದ ನಾನಾರ್ಥವರ್ಗವನ್ನು ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಬೆರಗೇನೂ ಇಲ್ಲ. ತಪ್ಪಿದರೆ ಒಂದೆರಡು ಅಂಕಗಳು ಹೋದಾವು, ಅಷ್ಟೆ.

ಧ್ವನಿಯಲ್ಲಿ ಯಾವ ಸಾಮ್ಯವೂ ಇಲ್ಲದಿದ್ದರೂ ಜನರ ಮನಸ್ಸಿನಲ್ಲಿ ಒಂದಾಗಿಬಿಟ್ಟಿರುವ ಪದಗಳು ಇದಕ್ಕಿಂತ ಅಪಾಯಕರವಾದವು. ಬ್ಯಾಂಕಿನ ಪುಸ್ತಕ, ವಿಮಾಪತ್ರಗಳ ಮೂಲಕ ನಾಮಿನಿ ಎಂಬ ಮಾತು ಈಗ ಮನೆಮನೆಯನ್ನೂ ಹೊಕ್ಕಿದೆ. ಇದರ ಮೂಲವು ಲ್ಯಾಟಿನ್ನಿನ ನೋಮೆನ್, ಎಂದರೆ ಹೆಸರು. ನಮ್ಮ ನಾಮನ್ ಶಬ್ದಕ್ಕೆ ಅದು ಸೋದರ. ಆದಕಾರಣ ನಾಮಿನಿಯು ಹೆಸರಿಸಲ್ಪಟ್ಟವನು ಮಾತ್ರ. ವಾರಸುದಾರನಿಗೆ ಇಂಗ್ಲಿಷಿನಲ್ಲಿ ಏರ್ ಎಂಬ ಬೇರೆ ಪದವೇ ಇದೆ. ಸಂಸ್ಕೃತದಲ್ಲಿ ಅವನು ದಾಯಾದ, ಪಾಲನ್ನು ಪಡೆಯುವವನು. (ಆ ಪದಕ್ಕೆ ಲೋಕದಲ್ಲಿ ಜಗಳದ ವಾಸನೆ ಹತ್ತಿರುವುದು ಬೇರೆ ಮಾತು.)

ಒಬ್ಬ ಹಿಂದೂ ಗೃಹಸ್ಥನು ಮದುವೆಗೆ ಮೊದಲೇ ಬ್ಯಾಂಕಿನ ಠೇವಣಿಗೆ ತಮ್ಮನನ್ನು ನಾಮಿನಿ ಮಾಡಿ, ಮರೆತು, ಮರಣಶಾಸನವನ್ನೂ ಬರೆಯದೆ ತೀರಿಕೊಂಡನೆನ್ನೋಣ. ಬ್ಯಾಂಕಿನವರು ಹಣವನ್ನು ತಮ್ಮನ ಕೈಗೆ ಕೊಟ್ಟು ತಮ್ಮ ಹೊಣೆಯನ್ನು ಕಳೆದುಕೊಳ್ಳುವರು. ಹೆಂಡತಿಯು, 'ಹೆಸರು ಮೈದುನನದು, ಹಣವೂ ಅವನದೇ' ಎಂದು ಸುಮ್ಮನಾಗುವಳು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಕ್ಕಳು, ತಾಯಿ ಇವರು ಮೊದಲನೆಯ ವರ್ಗದ ವಾರಸುದಾರರು. ಇವರಿರುವಾಗ ತಮ್ಮನಿಗೆ ಪಾಲಿಲ್ಲ. ಅವನು ಹಣವನ್ನು ಪಡೆದುದು ಇವರಿಗೆ ಒಪ್ಪಿಸುವುದಕ್ಕಾಗಿಯೇ. ನಾಮಿನಿಯು ಹಣವನ್ನು ಸ್ವೀಕರಿಸತಕ್ಕವನೇ ಹೊರತು ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಜೀವವಿಮೆಯ ವಿಷಯದಲ್ಲಿ 1983ರಲ್ಲಿಯೂ, ಕಂಪನಿಗಳ ಷೇರುಗಳ ವಿಷಯದಲ್ಲಿ 2023ರಲ್ಲಿಯೂ ತೀರ್ಪಿತ್ತಿದೆ. ಜೀವವಿಮೆಗೆ ಮಾತ್ರ 2015ರ ತಿದ್ದುಪಡಿಯಿಂದ ಒಂದು ವಿನಾಯಿತಿ ದೊರೆತಿದೆ: ವಿಮೆ ಮಾಡಿಸಿದವನು ತನ್ನ ತಂದೆತಾಯಿಗಳನ್ನೋ ಹೆಂಡತಿಮಕ್ಕಳನ್ನೋ ಹೆಸರಿಸಿದ್ದರೆ ಸಾಮಾನ್ಯವಾಗಿ ಹಣವು ಅವರದೇ ಆಗುವುದು. ಪತಿಯನ್ನು ಹೆಸರಿಸಿದ ಸ್ತ್ರೀಯ ಪಾಲಿಗೂ ಇದೇ ನಿಯಮ.

ವಿಟ್ನೆಸ್, ಶೂರಿಟಿ ಎಂಬ ಇನ್ನೊಂದು ಜೋಡಿಯುಂಟು. 'ಸುಮ್ಮನೆ ಒಂದು ಸಹಿ' ಎಂದು ನೆಂಟರು ಕಾಗದ ಚಾಚಿದಾಗ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಾವೆಲ್ಲರೂ ಲೇಖನಿಯನ್ನು ಕೈಗೆತ್ತಿಕೊಳ್ಳುವವರೇ. ವಿಟ್ನೆಸ್ ಎಂದರೆ ಸಾಕ್ಷಿ. ಸಹಿ ಹಾಕಿದುದನ್ನು ಕಂಡವನು. ಸಾಲಕ್ಕೆ ಅವನು ಹೊಣೆಯಲ್ಲ. ಶೂರಿಟಿಯಾದರೋ ಜಾಮೀನುದಾರ. 1872ರ ಕರಾರು ಕಾಯಿದೆಯ ಮೇರೆಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಅವನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುವುದು. ಸಹಿಯ ಗೆರೆಯ ಬಳಿ ಅಚ್ಚಾಗಿರುವ ಪದವು ಇವೆರಡರಲ್ಲಿ ಯಾವುದೆಂದು ನೋಡಿಯೇ, ಇಂಗ್ಲಿಷ್ ಬಾರದಿದ್ದರೆ ಮನೆಯ ಮಕ್ಕಳಿಂದ ಓದಿಸಿಯೇ, ಲೇಖನಿಯ ಮುಚ್ಚಳ ತೆಗೆಯತಕ್ಕದ್ದು.