ನಿಮಗಿದು ಗೊತ್ತೆ? ಹಳೆಯ ಫೈಲು ಹಿಂದಕ್ಕೆ ಎಣಿಸಿದರೆ ಸಿಗುತ್ತದೆ

‘ಫೈನಲ್’, ‘ಫೈನಲ್ 2’, ‘ಇದೇ ಕೊನೆಯ ಫೈನಲ್’ ಎಂದು ಒಂದೇ ಫೈಲನ್ನು ಹತ್ತು ಹೆಸರಲ್ಲಿ ಉಳಿಸಿಕೊಳ್ಳುವ ಪಾಡು ಯಾರಿಗೆ ಗೊತ್ತಿಲ್ಲ? ಸಾಫ್ಟ್‌ವೇರ್ ಬರೆಯುವವರು ಇದಕ್ಕೆ 1972ರಲ್ಲೇ ಮದ್ದು ಹುಡುಕಿದ್ದರು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್, ಫೈಲಿನ ಎಲ್ಲ ಆವೃತ್ತಿಗಳನ್ನೂ ಜಡೆಯಂತೆ ಒಂದರಲ್ಲೇ ಹೆಣೆದಿಡುತ್ತಿತ್ತು.

ಹತ್ತು ವರ್ಷದ ನಂತರ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಶಿ ಬರೆದ ಆರ್‌ಸಿಎಸ್‌ನ ಉಪಾಯ ಇನ್ನೂ ಚಂದ. ಜನ ಹೆಚ್ಚಾಗಿ ಕೇಳುವುದು ಇವತ್ತಿನ ಪ್ರತಿಯನ್ನೇ ತಾನೆ? ಅದೊಂದನ್ನು ಇಡಿಯಾಗಿ ಇಟ್ಟರು. ಹಳೆಯವುಗಳ ಬದಲು ‘12ನೇ ಸಾಲು ಅಳಿಸು, ಅಲ್ಲಿ ಇದನ್ನು ಸೇರಿಸು’ ಎಂಬಂಥ ಹಿಮ್ಮುಖ ಸೂಚನೆಗಳು ಮಾತ್ರ. 50ನೇ ಆವೃತ್ತಿ ಕೈಯಲ್ಲಿದ್ದು 47ನೆಯದು ಬೇಕೆಂದರೆ, ಮೂರು ಸಲ ತಿದ್ದುಪಡಿ ಬಿಚ್ಚುತ್ತಾ ಹೋಗಬೇಕು. ಹೊಸದು ಥಟ್ಟನೆ ಸಿಗುತ್ತದೆ. ತೀರಾ ಹಳೆಯದಕ್ಕೆ ತುಸು ಕಾಯಬೇಕು. ಮನೆಯ ಅಟ್ಟದ ಲೆಕ್ಕವೂ ಇದೇ!

ಆಮೇಲೆ ಬಂದ ಸಬ್‌ವರ್ಷನ್‌ನಂಥ ವ್ಯವಸ್ಥೆಗಳಲ್ಲಿ ಇತಿಹಾಸವೆಲ್ಲ ಸರ್ವರ್‌ನಲ್ಲೇ. ಹಳೆಯ ಪ್ರತಿ ಬೇಕಾದಾಗ ನೆಟ್‌ವರ್ಕ್ ಕೈಕೊಟ್ಟರೆ ಕೆಲಸ ಕೆಟ್ಟಿತು. 2005ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಬರೆದ ‘ಗಿಟ್’ ಸಾಮಾನ್ಯವಾಗಿ ಇಡೀ ಇತಿಹಾಸವನ್ನೇ ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಬಿಡುತ್ತದೆ. ಅಲ್ಲಿ ಆವೃತ್ತಿಗೆ 1, 2, 3 ಎಂಬ ಸಂಖ್ಯೆಯಿಲ್ಲ, 40 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಪುಣ್ಯಕ್ಕೆ, ಸಣ್ಣಪುಟ್ಟ ಪ್ರಾಜೆಕ್ಟ್‌ಗಳಲ್ಲಿ ಮೊದಲ ಏಳನ್ನು ಟೈಪಿಸಿದರೂ ಅದಕ್ಕೆ ಅರ್ಥವಾಗುತ್ತದೆ.